ಶೇಕಡಾ ಇಪ್ಪತ್ತೇಳರಲ್ಲಿ ನಿಂತ ಪಾಠ

ಕೈವಾರ ಮೇಷ್ಟ್ರ ಬದುಕು ಹಳಿ ತಪ್ಪಿದ್ದು ಒಂದೇ ಒಂದು ತುತ್ತಿನಿಂದ. ಆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳದೆ ಸೀದಾ ಹೊಟ್ಟೆಗೆ ಇಳಿದಿದ್ದರೆ ಅವರು ಈಗಲೂ ಸೀಮೆಸುಣ್ಣದ ಪುಡಿ ಕೊಡವಿಕೊಂಡು, ಯಾರ ಗೋಜಿಗೂ ಹೋಗದೆ ಇರುತ್ತಿದ್ದರು. ಇದನ್ನು ನಾವು ಹೇಳುತ್ತಿರುವುದಲ್ಲ, ಮೇಷ್ಟ್ರೇ ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಗುತ್ತಾರೆ. ತಮ್ಮನ್ನು ತಾವು ಆಡಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅದು ಈಗಿನ ಮಾತು. ಆಗ ಅವರಿಗೆ ನಗು ಬಂದಿರಲಿಲ್ಲ, ಬೆವರು ಬಂದಿತ್ತು.

ಕೈವಾರ ಅನ್ನುವ ಹೆಸರಿಟ್ಟವರು ಶಾಲೆಯ ಮಕ್ಕಳು. ಚಿಕ್ಕ ತಲೆ, ಅದರ ಕೆಳಗೆ ನೇರವಾಗಿ ಶುರುವಾದಂತಿರುವ ಎರಡು ಉದ್ದ ಕಾಲು. ಬೋರ್ಡಿನ ಮುಂದೆ ಕಾಲಗಲಿಸಿ ನಿಂತರೆ ಯಾರೋ ಪೆಟ್ಟಿಗೆಯಿಂದ ಕೈವಾರ ತೆಗೆದು ಬಿಡಿಸಿ ಇಟ್ಟ ಹಾಗೆ. ಅದಕ್ಕೆ ಸರಿಯಾಗಿ ಮೇಷ್ಟ್ರು ಬರಿಗೈಯಲ್ಲಿ, ಒಂದೇ ಎಳೆತಕ್ಕೆ, ತುಂಬು ವೃತ್ತ ಬರೆಯುತ್ತಿದ್ದರು. ಶಾಲೆಗೆ ಬಂದವರು ಅದನ್ನು ದಾರ ಹಿಡಿದು ಅಳೆದು ನೋಡಿ ಬೆರಗಾಗುತ್ತಿದ್ದರು. ಈ ಒಂದು ವಿದ್ಯೆಯನ್ನು ನಂಬಿಕೊಂಡು ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟಿದ್ದರು.

ಆ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಹೆಡ್‌ಮೇಡಂ ಒಂದು ಕಾಗದ ಹಿಡಿದುಕೊಂಡು ಬಂದರು. ಮೂರು ತಿಂಗಳ ಹಿಂದೆ ಇಲಾಖೆಯವರು ಒಂದು ಕಂಪ್ಯೂಟರು, ಒಂದು ಪ್ರೊಜೆಕ್ಟರು ತಂದು, ತಾವೇ ಜೋಡಿಸಿ, ತಂತಿ ಎಳೆದು ಹೋಗಿದ್ದರು. ಅಂದಿನಿಂದ ಅದರ ಮೇಲೊಂದು ಹೂವಿನ ಬಟ್ಟೆ ಹೊದಿಸಲಾಗಿತ್ತು. ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯುತ್ತಿದ್ದರು. ಒಳಗಿನದನ್ನು ಯಾರೂ ಮುಟ್ಟಿರಲಿಲ್ಲ.

"ಇನ್ನು ಮೂರು ವಾರಕ್ಕೆ ತಪಾಸಣೆ ಸಾಹೇಬರು ಬರ್ತಾರಂತೆ. ಗಣಿತಾನೋ ವಿಜ್ಞಾನಾನೋ ಕಂಪ್ಯೂಟರ್‌ನಲ್ಲಿ ಪಾಠ ಮಾಡಿ ತೋರಿಸಬೇಕಂತೆ. ಯಾರು ಮಾಡ್ತೀರಿ?" ಅಂದರು ಹೆಡ್‌ಮೇಡಂ.

ವಿಜ್ಞಾನದ ಟೀಚರ್ ಕೈ ತೊಳೆಯುತ್ತಲೇ ಹೇಳಿದರು. "ನಾನೇ ಮಾಡ್ತೀನಿ ಬಿಡಿ ಮೇಡಂ. ಕಪ್ಪೆ ಹೃದಯ ಬಡಿಯೋದನ್ನ ಗೋಡೆಯಷ್ಟು ದೊಡ್ಡದಾಗಿ ತೋರಿಸಬಹುದು. ಗಣಿತಕ್ಕೆ ಕಂಪ್ಯೂಟರ್ ಯಾಕೆ, ಸೀಮೆಸುಣ್ಣ ಸಾಕಲ್ವಾ."

ಆ ಮಾತಿನಲ್ಲಿ ವಿಷವೇನೂ ಇರಲಿಲ್ಲ. ಆದರೆ ಮೇಷ್ಟ್ರಿಗೆ ಎಲ್ಲೋ ಚುರುಕ್ಕೆಂದಿತು. ಅವರು ದೊಡ್ಡದೊಂದು ತುತ್ತು ಬಾಯಿಗಿಟ್ಟುಕೊಂಡು, ಗೋಡೆ ನೋಡುತ್ತ, "ಕಂಪ್ಯೂಟರ್ ಹುಟ್ಟಿದ್ದೇ ಗಣಿತದ ಹೊಟ್ಟೆಯಲ್ಲಿ" ಅಂದುಬಿಟ್ಟರು.

ಹೆಡ್‌ಮೇಡಂ ಕನ್ನಡಕ ಸರಿ ಮಾಡಿಕೊಂಡರು. "ಹೌದಾ ಮೇಷ್ಟ್ರೇ? ಹಾಗಾದ್ರೆ ನಿಮಗೆ ಕಂಪ್ಯೂಟರ್ ಬರತ್ತಾ?"

ಮೇಷ್ಟ್ರು ಪ್ರಾಮಾಣಿಕರು. "ಬರಲ್ಲ" ಅನ್ನಲೆಂದೇ ಬಾಯಿ ತೆರೆದರು. "ಬರ" ಅನ್ನುವಷ್ಟರಲ್ಲಿ ತುತ್ತು ಗಂಟಲಿಗೆ ಅಡ್ಡ ಬಿತ್ತು. ಕೆಮ್ಮು ಶುರುವಾಯಿತು. ಕಣ್ಣಲ್ಲಿ ನೀರು ಬಂತು. ಡ್ರಾಯಿಂಗ್ ಮೇಷ್ಟ್ರು ಬೆನ್ನಿಗೆ ನಾಲ್ಕು ಗುದ್ದಿದರು. ನಾಲ್ಕನೇ ಗುದ್ದಿಗೆ ತುತ್ತು ಇಳಿಯಿತು, ಅದರ ಜೊತೆ "ಲ್ಲ" ಕೂಡ ಇಳಿದುಹೋಯಿತು.

"ಬರತ್ತಂತೆ! ಬರ್ಕೊಳ್ಳಿ, ಬರ್ಕೊಳ್ಳಿ," ಅಂದರು ಹೆಡ್‌ಮೇಡಂ.

ಆಗಲೂ ಕಾಲ ಮಿಂಚಿರಲಿಲ್ಲ. ಮೇಷ್ಟ್ರು ನೀರು ಕುಡಿದು, "ಇಲ್ಲ ಮೇಡಂ, ನಾನು ಹೇಳಿದ್ದು" ಅಂತ ಶುರು ಮಾಡಬಹುದಿತ್ತು. ಆದರೆ ತಲೆ ಎತ್ತಿ ನೋಡಿದರೆ ವಿಜ್ಞಾನದ ಟೀಚರ್ ಅವರನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಹಿಂದೆಂದೂ ಇಲ್ಲದ ಗೌರವ! ಇಪ್ಪತ್ತಾರು ವರ್ಷದಲ್ಲಿ ಮೇಷ್ಟ್ರನ್ನು ಯಾರೂ ಹಾಗೆ ನೋಡಿರಲಿಲ್ಲ. ಆ ನೋಟವನ್ನು ಒಂದು ಗಂಟೆಯಾದರೂ ಇಟ್ಟುಕೊಂಡು ಆಮೇಲೆ ವಾಪಸು ಕೊಡೋಣ ಅಂದುಕೊಂಡರು. ಆ ಒಂದು ಗಂಟೆಯೊಳಗೆ ಹೆಡ್‌ಮೇಡಂ ಗೇಟಿನ ಪಕ್ಕದ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಯಾಗಿತ್ತು: ನಮ್ಮ ಶಾಲೆಯ ಗಣಿತದ ಮೇಷ್ಟ್ರಿಂದ ಕಂಪ್ಯೂಟರ್ ಪಾಠ.

ಹಲಗೆಯನ್ನು ಬೀದಿಯವರೆಲ್ಲ ಓದಿದರು.

ಮರುದಿನ ಸಂಜೆ ಮೇಷ್ಟ್ರು ಮನೆಗೆ ಬಂದರೆ ಜಗಲಿಯ ಮೇಲೆ ಎಂಟು ಜನ ಕಾಯುತ್ತಿದ್ದರು. ಒಬ್ಬರ ಕೈಯಲ್ಲಿ ರಿಮೋಟು, ಇನ್ನೊಬ್ಬರ ಕಂಕುಳಲ್ಲಿ ಮಿಕ್ಸಿ. ಎದುರುಮನೆ ಅಜ್ಜಿ ಮೊಮ್ಮಗಳ ಮಾತಾಡುವ ಗೊಂಬೆ ತಂದಿದ್ದರು. "ಹದಿನೈದು ದಿನದಿಂದ ಅಳೋದು ಬಿಟ್ಟು ಬೇರೇನೂ ಮಾಡ್ತಿಲ್ಲ ಮೇಷ್ಟ್ರೇ. ಸ್ವಲ್ಪ ಕಂಪ್ಯೂಟರ್ ಹಾಕಿ ನೋಡಿ."

ಇವರನ್ನೆಲ್ಲ ಕೂರಿಸಿದ್ದು ಮೇಷ್ಟ್ರ ಅತ್ತೆ. ಮಗಳ ಮನೆಯಲ್ಲೇ ಇದ್ದ ಈ ಹಿರಿಯ ಜೀವಕ್ಕೆ ಎರಡು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ. ಕಿವಿಯಲ್ಲಿ ಯಂತ್ರವಿತ್ತು, ಆದರೂ ಕೇಳುತ್ತಿರಲಿಲ್ಲ. ಅವರು ಮೊದಲು ತಮ್ಮದೇ ಕೆಲಸವಾಗಲಿ ಅಂತ ಕಿವಿಯಂತ್ರ ಕಳಚಿ ಅಳಿಯನ ಅಂಗೈಗಿಟ್ಟರು. ಎಂಟು ಜನ ಕತ್ತು ಚಾಚಿದರು. ಮೇಷ್ಟ್ರಿಗೆ ಏನು ಮಾಡಬೇಕೋ ತೋಚದೆ, ಏನಾದರೂ ಮಾಡುತ್ತಿರುವಂತೆ ಕಾಣಲಿ ಅಂತ, ಮುಚ್ಚಳ ತೆಗೆದು ಒಳಗಿನ ಗುಂಡು ಬ್ಯಾಟರಿಯನ್ನು ತಿರುಗಿಸಿ ಹಾಕಿದರು. ಅತ್ತೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡರು. "ಯಾರದು ಅಷ್ಟು ಜೋರಾಗಿ ಉಸಿರಾಡ್ತಿರೋದು?" ಅಂತ ಕೇಳಿದರು. ಅದು ಮೇಷ್ಟ್ರೇ.

ಅಲ್ಲಿಗೆ ಅವರ ಕೀರ್ತಿ ಬೀದಿ ದಾಟಿ ಹೊರಟಿತು. ಅತ್ತೆ ಎರಡು ವರ್ಷದಿಂದ ಪ್ರತಿ ಹೊಸ ಬ್ಯಾಟರಿಯನ್ನೂ ತಲೆಕೆಳಗಾಗಿ ಹಾಕಿಕೊಳ್ಳುತ್ತಿದ್ದರು ಅನ್ನುವುದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಮೇಷ್ಟ್ರೂ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ.

ಈ ಗದ್ದಲದಲ್ಲಿ ಒಂದು ವಿಷಯ ಹೇಳುವುದು ಬಿಟ್ಟುಹೋಯಿತು. ಮೇಷ್ಟ್ರ ಹೆಂಡತಿ ಹನ್ನೊಂದು ವರ್ಷದಿಂದ ಕಣ್ಣಾಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅವರ ಬೆರಳಿರುತ್ತಿದ್ದುದು ಕಂಪ್ಯೂಟರಿನ ಮೇಲೆಯೇ. ಹೊಸ ಹುಡುಗಿಯರು ಸೇರಿದರೆ ಕಲಿಸುವವರೂ ಅವರೇ. ಮೇಷ್ಟ್ರು ಇದನ್ನು "ಗುಂಡಿ ಒತ್ತೋ ಕೆಲಸ" ಅನ್ನುತ್ತಿದ್ದರು, ಪ್ರೀತಿಯಿಂದಲೇ. ಹಾಗೆ ಅಂದುಕೊಂಡು ಬಂದವರು ಈಗ ಹೋಗಿ ಹೆಂಡತಿಯ ಮುಂದೆ ಕೈಕಟ್ಟಿ ನಿಲ್ಲುವುದು ಹೇಗೆ? ಅದಕ್ಕೆ, ಪಾಠಕ್ಕೆಂದು ಪರವಲಯ ಅನ್ನುವ ಬಟ್ಟಲಿನಾಕಾರದ ಗೆರೆಯನ್ನು ಆರಿಸಿಕೊಂಡು, ಮೂರು ಬೀದಿ ಆಚೆಯ ಜೆರಾಕ್ಸ್ ಅಂಗಡಿಗೆ ಹೋದರು.

"ನನ್ನ ಸ್ನೇಹಿತರೊಬ್ಬರಿದ್ದಾರೆ, ಅವರಿಗೆ ಕಂಪ್ಯೂಟರ್ ಬರಲ್ಲ, ಪಾಪ," ಅಂದರು ಅಂಗಡಿಯವನಿಗೆ. "ಪರವಲಯ ಬರೆಯೋದು ಹೇಗೆ ಅಂತ ನೀವು ನನಗೆ ತೋರಿಸಿದ್ರೆ ನಾನು ಅವರಿಗೆ ಹೇಳ್ತೀನಿ."

ಅಂಗಡಿಯವನು ಒಳ್ಳೆಯವನು. ಇಲಾಖೆಯವರು ಶಾಲೆಗಳ ಕಂಪ್ಯೂಟರಿಗೆಲ್ಲ ಹಾಕಿಕೊಟ್ಟಿದ್ದ ನಕ್ಷೆ ಬರೆಯುವ ತಂತ್ರಾಂಶವನ್ನೇ ಹುಡುಕಿ ತೆರೆದ. ಅದರಲ್ಲಿ ಒಂದು ಸಮೀಕರಣ ಬರೆದರೆ ಪರದೆಯ ಮೇಲೆ ಗೆರೆ ತಾನಾಗಿ ಬಾಗಿ ನಿಲ್ಲುತ್ತಿತ್ತು. ಪಕ್ಕದ ಸಣ್ಣ ಗುಬುಟನ್ನು ಎಳೆದರೆ ಪರವಲಯ ಹೂವಿನ ಹಾಗೆ ಅರಳುತ್ತಿತ್ತು, ಮುದುಡುತ್ತಿತ್ತು. ಮೇಷ್ಟ್ರು ಅಲ್ಲೇ ಮರುಳಾದರು. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿ ಬರೆದು ಒರೆಸಿ ತೋರಿಸಿದ್ದನ್ನು ಇದು ಒಂದು ಉಸಿರಿನಲ್ಲಿ ತೋರಿಸುತ್ತಿತ್ತು. ಆಮೇಲೆ ಅವರದೇ ಸರದಿ ಬಂದಾಗ ಮೌಸಿನ ಬಾಣ ಪರದೆಯಿಂದ ಓಡಿಹೋಯಿತು.

"ನಿಮ್ಮ ಸ್ನೇಹಿತರಿಗೆ ವಯಸ್ಸೆಷ್ಟು ಸಾರ್?" ಮೂರನೇ ದಿನ ಅಂಗಡಿಯವನು ಕೇಳಿದ.

"ನನ್ನಷ್ಟೇ. ಐವತ್ತೊಂದು."

"ತಲೆ ಸ್ವಲ್ಪ ಮಂದವಾ?"

"ಮಂದ ಯಾಕಾಗ್ತಾರೆ? ಗಣಿತದಲ್ಲಿ ಮೊದಲ ದರ್ಜೆ!"

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಸಾರ್. ನಿಮ್ಮ ಮೂಲಕ ಹೋಗೋದು ಕಷ್ಟ."

ಈ ಅವಮಾನ ನುಂಗಿಕೊಂಡು ಮೇಷ್ಟ್ರು ಒಂದು ಉಪಾಯ ಹೂಡಿದರು. ಅರ್ಥವಾಗದಿದ್ದರೆ ಬೇಡ, ಬಾಯಿಪಾಠ ಮಾಡೋಣ. ಅಂಗಡಿಯವನು ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮೂವತ್ತೆಂಟು ಹಂತಗಳಾಗಿ ಬರೆದುಕೊಂಡರು. "೯. ಬಾಣವನ್ನು ಎಡಮೂಲೆಯ ಮೂರನೇ ಚಿತ್ರದ ಮೇಲೆ ಕೂರಿಸಿ, ಬಾಗಿಲು ತಟ್ಟಿದ ಹಾಗೆ ಬೇಗಬೇಗ ಎರಡು ಸಲ ಒತ್ತು." "೧೭. ಬಾಣ ಮಾಯವಾದರೆ ಗಾಬರಿಯಾಗಬಾರದು." "೩೮. ಪರವಲಯ ಅಗಲವಾಗುತ್ತದೆ. ಮಕ್ಕಳು ಆಶ್ಚರ್ಯಪಡುತ್ತಾರೆ. ಆಗ ನಗುಮುಖದಿಂದ ನಿಲ್ಲು." ಶಾಲೆಯ ಕಂಪ್ಯೂಟರನ್ನು ಮಾತ್ರ ಮುಟ್ಟಲಿಲ್ಲ. ಯಾರಾದರೂ ನೋಡಿಬಿಟ್ಟರೆ? "ಒಂದ್ಸಲ ತೆರೆದು ನೋಡಲ್ವಾ ಮೇಷ್ಟ್ರೇ?" ಅಂತ ಹೆಡ್‌ಮೇಡಂ ಕೇಳಿದರೆ, "ಯಂತ್ರ ಮೊದಲು ಮಕ್ಕಳ ಎದುರಿಗೇ ಕಣ್ಣು ಬಿಡಬೇಕು ಮೇಡಂ" ಅಂದರು. ಹೆಡ್‌ಮೇಡಂ ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡರು.

ಬೆಳಿಗ್ಗೆ ಹಲ್ಲುಜ್ಜುತ್ತ, ಸ್ನಾನ ಮಾಡುತ್ತ ಮೇಷ್ಟ್ರು ಹಂತಗಳನ್ನು ಉರು ಹೊಡೆಯತೊಡಗಿದರು. ಈಗ ಅತ್ತೆಗೆ ಸೂಜಿ ಬಿದ್ದರೂ ಕೇಳುತ್ತಿತ್ತಲ್ಲ. ಅವರು ಮಗಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋದರು.

"ನಿನ್ನ ಗಂಡ ಬಚ್ಚಲಲ್ಲಿ ನಿಂತು, ಎಡಕ್ಕೆ ಒತ್ತು, ಬಲಕ್ಕೆ ಒತ್ತು, ಬಿಡು, ಮತ್ತೆ ಒತ್ತು ಅಂತಿದಾನೆ ಕಣೇ. ಯಾರನ್ನ ಒತ್ತುತಿದಾನೆ?"

ಹೆಂಡತಿ ಹೋಗಿ ನೋಟ್‌ಬುಕ್ಕನ್ನು ಹುಡುಕಿ ಓದಿದರು. ಮೇಷ್ಟ್ರು ತಲೆ ಒರೆಸಿಕೊಂಡು ಹೊರಗೆ ಬಂದಾಗ ಅದು ಹೆಂಡತಿಯ ಕೈಯಲ್ಲಿತ್ತು.

"ನನ್ನನ್ನ ಕೇಳಬಹುದಿತ್ತಲ್ಲ?"

"ನಿನ್ನದು ಆಸ್ಪತ್ರೆ ಕಂಪ್ಯೂಟರು," ಮೇಷ್ಟ್ರು ಬನಿಯನ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದರು. "ನಮ್ಮದು ಗಣಿತದ ಕಂಪ್ಯೂಟರು. ಎರಡೂ ಬೇರೆ ಬೇರೆ."

"ಸರಿ," ಅಂದರು ಹೆಂಡತಿ. ಮದುವೆಯಾದವರಿಗೆ ಆ ಎರಡಕ್ಷರದ ತೂಕ ಗೊತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಇಷ್ಟು ಸೇರಿಸಿದರು. "ಅದು ನಡುವೆ ಏನಾದ್ರೂ ಕೇಳಿದ್ರೆ, ಓದದೆ ಹೌದು ಅನ್ನಬೇಡಿ."

ತಪಾಸಣೆಯ ದಿನ ಬಂತು. ತರಗತಿಯಲ್ಲಿ ನಲವತ್ತೆರಡು ಮಕ್ಕಳು. ಹಿಂದೆ ಕುರ್ಚಿ ಹಾಕಿಕೊಂಡು ಸಾಹೇಬರು, ಹೆಡ್‌ಮೇಡಂ, ವಿಜ್ಞಾನದ ಟೀಚರ್. ಸಾಹೇಬರು ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ತೊಡೆಯ ಮೇಲೆ ಫೈಲು, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಕಿಟಕಿಗಳಿಗೆ ಪರದೆ ಇಳಿಬಿಟ್ಟು, ಹೂವಿನ ಬಟ್ಟೆ ಸರಿಸಿದರು. ಮೇಷ್ಟ್ರು ಒಂದನೇ ಹಂತ ಮಾಡಿದರು. ದೀಪ ಉರಿಯಿತು. ಗೋಡೆಯ ಮೇಲೆ ಬೆಳಕು ಬಿತ್ತು. ಮಕ್ಕಳು ಹೋ ಅಂದರು. ಎರಡು, ಮೂರು, ನಾಲ್ಕು, ಎಲ್ಲ ಪಾಠ ಒಪ್ಪಿಸಿದ ಹಾಗೆ ನಡೆಯಿತು. ಒಂಬತ್ತನೇ ಹಂತದಲ್ಲಿ ಬಾಗಿಲನ್ನೂ ತಟ್ಟಿದರು. ಹತ್ತು ದಾಟಿತು. ಮೇಷ್ಟ್ರಿಗೆ ಎದೆಯುಬ್ಬಿ, ತಾವು ಇದಕ್ಕಾಗಿಯೇ ಹುಟ್ಟಿದವರು ಅನ್ನಿಸತೊಡಗಿತು.

ಹನ್ನೊಂದನೇ ಹಂತದಲ್ಲಿ, ಕೇಳದೆ ಕರೆಯದೆ, ಪರದೆಯ ನಡುವೆ ಒಂದು ಚೌಕ ಎದ್ದು ನಿಂತಿತು. ಅದರೊಳಗೆ ಒಂದಿಷ್ಟು ಇಂಗ್ಲಿಷು, ಕೆಳಗೆ ಎರಡು ಗುಂಡಿ. ಮೇಷ್ಟ್ರು ನೋಟ್‌ಬುಕ್ ನೋಡಿದರು. ಹನ್ನೊಂದರಲ್ಲಿ ಚೌಕವಿಲ್ಲ. ಹನ್ನೆರಡರಲ್ಲೂ ಇಲ್ಲ. ಸಾಹೇಬರು ಕೆಮ್ಮಿದರು. ಆ ಕೆಮ್ಮಿಗೆ ಮೇಷ್ಟ್ರ ಬೆರಳು ತಾನಾಗಿ ಹೌದು ಅನ್ನುವ ಗುಂಡಿಯ ಮೇಲೆ ಬಿತ್ತು. ಮೇಲಿನವರು ಕೆಮ್ಮಿದಾಗ ಹೌದು ಅನ್ನುವುದು ನೌಕರಿಯಲ್ಲಿ ಬಂದ ಅಭ್ಯಾಸ.

ಗೋಡೆ ನೀಲಿಯಾಯಿತು. ನಡುವೆ ಒಂದು ಚುಕ್ಕೆಗಳ ಬಳೆ ಸುತ್ತತೊಡಗಿತು. ಅದರ ಕೆಳಗೆ ಬರಹ: ಅಪ್‌ಡೇಟ್ ಆಗುತ್ತಿದೆ, ಶೇಕಡಾ ಸೊನ್ನೆ, ದಯವಿಟ್ಟು ಆಫ್ ಮಾಡಬೇಡಿ. ಮೂರು ತಿಂಗಳು ಹೂವಿನ ಬಟ್ಟೆ ಹೊದ್ದು ಮಲಗಿದ್ದ ಯಂತ್ರ, ಎದ್ದ ತಕ್ಷಣ ಅಷ್ಟೂ ದಿನದ ಬಾಕಿಯನ್ನು ಒಟ್ಟಿಗೆ ತುಂಬಿಕೊಳ್ಳಲು ಕೂತಿತ್ತು. ಗಡಿಯಾರದಲ್ಲಿ ಹನ್ನೊಂದು ಹತ್ತು.

ಮೇಷ್ಟ್ರಿಗೆ ಹೆಂಡತಿಯ ಮಾತು ಆಗ ನೆನಪಾಯಿತು. ಕಾಲು ಗಡಗಡ ಅಂದವು. ಉದ್ದ ಕಾಲಾದ್ದರಿಂದ ಗಡಗಡವೂ ಎಲ್ಲರಿಗೂ ಕಾಣುವಷ್ಟಿತ್ತು.

"ಇದೇನು ಮೇಷ್ಟ್ರೇ?" ಸಾಹೇಬರು ಕೇಳಿದರು.

"ಪಾಠ ಸಾರ್," ಅಂದರು ಮೇಷ್ಟ್ರು. ಬೇರೆ ಯಾವ ಪದವೂ ಹತ್ತಿರ ಸುಳಿಯಲಿಲ್ಲ.

ಅಂದಮೇಲೆ ಪಾಠ ಮಾಡಲೇಬೇಕಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಸೀಮೆಸುಣ್ಣ ಸಿಕ್ಕಿತು. ಅದು ಬೆರಳಿಗೆ ತಾಗಿದ್ದೇ ತಡ, ಮೇಷ್ಟ್ರ ನಡುಕ ಅರ್ಧ ನಿಂತಿತು. ಗೋಡೆಯ ಪಕ್ಕದ ಬೋರ್ಡಿನ ಮೇಲೆ ಎರಡು ಗೆರೆ ಎಳೆದರು, ಒಂದು ಅಡ್ಡ, ಒಂದು ನೆಟ್ಟಗೆ. "ಅಡ್ಡಕ್ಕೆ ಹೊತ್ತು. ಮೇಲಕ್ಕೆ ಶೇಕಡಾ. ಮೂರು ನಿಮಿಷಕ್ಕೊಮ್ಮೆ ಗೋಡೆ ನೋಡಿ, ಚುಕ್ಕೆ ಇಡಿ. ಇದು ಯಾವಾಗ ಮುಗಿಯತ್ತೆ ಅಂತ ನನಗೆ ಹೇಳಬೇಕು."

ಹನ್ನೊಂದು ಹದಿಮೂರಕ್ಕೆ ಆರು. ಹದಿನಾರಕ್ಕೆ ಹನ್ನೆರಡು. ಹತ್ತೊಂಬತ್ತಕ್ಕೆ ಹದಿನೆಂಟು. ಮಕ್ಕಳ ಹಾಳೆಯ ಮೇಲೆ ಚುಕ್ಕೆಗಳು ಸಾಲಾಗಿ ನಿಂತವು. ಮೇಷ್ಟ್ರು ಅವುಗಳ ಮೂಲಕ ಸರ್ರನೆ ಒಂದು ನೇರ ಗೆರೆ ಎಳೆದು, ಅದನ್ನು ನೂರರವರೆಗೆ ಹತ್ತಿಸಿದರು. "ನಿಮಿಷಕ್ಕೆ ಎರಡು. ಐವತ್ತು ನಿಮಿಷ. ಸರಿಯಾಗಿ ಹನ್ನೆರಡು ಗಂಟೆಗೆ ಮುಗಿಯತ್ತೆ!" ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು ಏನೋ ಬರೆದುಕೊಂಡರು.

ಹನ್ನೊಂದು ಇಪ್ಪತ್ತೈದಕ್ಕೆ ಶೇಕಡಾ ಇಪ್ಪತ್ತೇಳು. ಇಪ್ಪತ್ತೆಂಟಕ್ಕೂ ಇಪ್ಪತ್ತೇಳು. ಮೂವತ್ತೊಂದಕ್ಕೂ ಇಪ್ಪತ್ತೇಳು.

ಮೇಷ್ಟ್ರ ನೇರ ಗೆರೆ ಬೋರ್ಡಿನ ಮೇಲೆ ಒಂಟಿಯಾಗಿ ಆಕಾಶಕ್ಕೆ ಹೋಗುತ್ತಿತ್ತು, ಚುಕ್ಕೆಗಳು ಕೆಳಗೆ ಚಾಪೆ ಹಾಸಿ ಮಲಗಿದ್ದವು.

"ಮೂರು ನಾಲ್ಕು ಚುಕ್ಕೆ ನೋಡಿ ನೀವು ಗೆರೆ ಎಳೆದುಬಿಟ್ರಿ ಸಾರ್," ಅಂತು ಒಂದು ದನಿ.

ಕೊನೆ ಬೆಂಚಿನ ಹುಡುಗಿ. ಕಳೆದ ಎರಡು ಪರೀಕ್ಷೆಯಲ್ಲಿ ಸೇರಿಸಿ ಹನ್ನೊಂದು ಅಂಕ ತೆಗೆದವಳು. ಮೇಷ್ಟ್ರು ಅವಳ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ. "ಏನಂದೆ? ಎದ್ದು ನಿಂತು ಹೇಳು."

"ನಮ್ಮ ಚಿಕ್ಕಮ್ಮ ಹೊಲಿಗೆ ಮಾಡ್ತಾರೆ ಸಾರ್. ಗಿರಾಕಿ ಬಂದು ಕೇಳಿದ್ರೆ, ಅಂಗಿ ಮುಕ್ಕಾಲು ಆಯ್ತು ಅಂತಾರೆ. ನಿಜವಾಗ್ಲೂ ಆಗಿರತ್ತೆ. ಆದ್ರೆ ಉಳಿದ ಕಾಲು ಅಂದ್ರೆ ಕಾಜ, ಗುಂಡಿ, ಕಾಲರ್ರು. ಅದಕ್ಕೇ ಅರ್ಧ ದಿನ ಬೇಕು. ಇದೂ ಹಾಗೇ ಇರಬೇಕು ಸಾರ್. ಶೇಕಡಾ ಅಂದ್ರೆ ಕೆಲಸ, ಹೊತ್ತಲ್ಲ."

ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತರು. ಈ ಸಲ ಗಂಟಲಲ್ಲಿ ತುತ್ತೇನೂ ಇರಲಿಲ್ಲ. ತಾವು ಇಪ್ಪತ್ತಾರು ವರ್ಷದಿಂದ ಅಡ್ಡಗೆರೆ, ನೆಟ್ಟಗೆರೆ ಬರೆಸುತ್ತ ಬಂದಿದ್ದರೂ ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಯಾವ ತರಗತಿಗೂ ಹೇಳಿರಲಿಲ್ಲ. ಅವರು ಮೆಲ್ಲಗೆ ಡಸ್ಟರ್ ತೆಗೆದುಕೊಂಡು ತಮ್ಮ ಗೆರೆಯನ್ನು ಒರೆಸಿದರು.

"ಹಾಗಾದ್ರೆ ಎಷ್ಟೊತ್ತಿಗೆ ಮುಗಿಯತ್ತೆ ಅಂತೀಯ?"

"ಹನ್ನೆರಡು ಹದಿನೈದು ಅಂತ ಇಟ್ಕೊಳ್ಳಿ ಸಾರ್. ಕೊನೇಲಿ ಕಾಜ ಇರತ್ತಲ್ಲ."

ಆಮೇಲೆ ಎಲ್ಲರೂ ತಮ್ಮ ತಮ್ಮ ಲೆಕ್ಕ ಕೂಗಿದರು. ಬೋರ್ಡಿನ ಮೂಲೆಯಲ್ಲಿ ನಲವತ್ತೆರಡು ವೇಳೆಗಳು ತುಂಬಿಕೊಂಡವು. ಸಾಹೇಬರು ಮೀಸೆ ತಿರುವಿ, "ಹನ್ನೊಂದು ಐವತ್ತೆರಡು, ಬರ್ಕೊಳ್ಳಿ" ಅಂದರು. ಹೆಡ್‌ಮೇಡಂ ಸಾಹೇಬರ ಮುಖ ನೋಡಿ ತಾವೂ ಹನ್ನೊಂದು ಐವತ್ತೆರಡೇ ಅಂದರು. ಹನ್ನೊಂದು ಮೂವತ್ತೇಳಕ್ಕೆ ಸಂಖ್ಯೆ ಒಮ್ಮೆಲೆ ಅರವತ್ತೊಂದಕ್ಕೆ ಹಾರಿತು. ಮಕ್ಕಳು ಬೆಂಚಿನ ಮೇಲೆ ಹತ್ತಿದರು. ನಲವತ್ತಮೂರಕ್ಕೆ ತೊಂಬತ್ತೊಂಬತ್ತು. ಸಾಹೇಬರೂ ಎದ್ದು ನಿಂತರು. "ಬಾ, ಬಾ, ಇನ್ನೊಂದೇ!" ಅಂದರು ಗೋಡೆಗೆ.

ಅದು ಬರಲಿಲ್ಲ. ಗಂಟೆ ಹೊಡೆಯಿತು. ಒಬ್ಬರೂ ಅಲ್ಲಾಡಲಿಲ್ಲ. ಐವತ್ತೆರಡು ದಾಟಿ ಸಾಹೇಬರು ಸೋತರು. ಹನ್ನೆರಡು ದಾಟಿ ಮೇಷ್ಟ್ರ ಹಳೆಯ ಗೆರೆಯೂ ಸೋತಿತು. ಹನ್ನೆರಡು ಹದಿನೇಳಕ್ಕೆ ಗೋಡೆ ಮಿಣುಕಿ ಬೆಳ್ಳಗಾಯಿತು. ಕೊನೆ ಬೆಂಚಿನ ಹುಡುಗಿಯನ್ನು ಮಕ್ಕಳು ಎತ್ತಿಕೊಂಡು ಕುಣಿದರು.

ಸಾಹೇಬರಿಗೆ ಮತ್ತೊಂದು ಶಾಲೆಗೆ ಹೊತ್ತಾಗಿತ್ತು. ಹೊರಡುವ ಮುಂಚೆ ಮೇಷ್ಟ್ರ ಕೈ ಹಿಡಿದು ಕುಲುಕಿದರು. "ಎಷ್ಟೋ ಕಡೆ ನೋಡಿದೀನಿ ಮೇಷ್ಟ್ರೇ. ಪಾಠದ ಮಧ್ಯೆ ಕಂಪ್ಯೂಟರ್ ನಿಂತ್ರೆ ಮೇಷ್ಟ್ರೂ ನಿಂತುಬಿಡ್ತಾರೆ. ನೀವು ಬೇಕು ಅಂತಾನೇ ನಿಲ್ಲಿಸಿದ್ರಲ್ಲ! ಎಂಥಾ ತಲೆ!"

"ಇಲ್ಲ ಸಾರ್, ಅದು," ಅಂದರು ಮೇಷ್ಟ್ರು.

"ವಿನಯ!" ಅಂತ ಹೆಡ್‌ಮೇಡಂ ಸಾಹೇಬರಿಗೆ ವಿವರಿಸಿದರು.

ವಿಜ್ಞಾನದ ಟೀಚರ್ ಕೊನೆಗೆ ಬಂದು ಮೆಲ್ಲಗೆ ಹೇಳಿದರು. "ನನ್ನ ಕಪ್ಪೆ ಹೃದಯ ಇಷ್ಟು ಹೊತ್ತು ಮಕ್ಕಳನ್ನ ಹಿಡಿದಿಡ್ತಿರಲಿಲ್ಲ ಮೇಷ್ಟ್ರೇ. ಸೀಮೆಸುಣ್ಣದ ಮಾತು ಆಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ." ಇದು ಮೇಷ್ಟ್ರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬೈಗುಳವನ್ನು ಸಹಿಸುವುದು ಹೇಗೆಂದು ಗೊತ್ತಿತ್ತು. ತಮಗೆ ಸೇರದ ಹೊಗಳಿಕೆಯನ್ನು ಎಲ್ಲಿಡಬೇಕೋ ಗೊತ್ತಿರಲಿಲ್ಲ.

ಒಂದು ವಾರಕ್ಕೆ ಸುತ್ತೋಲೆ ಬಂತು. ಹೆಡ್‌ಮೇಡಂ ಅದನ್ನು ನಿಂತುಕೊಂಡೇ ಓದಿದರು. ಯಂತ್ರದ ವಿಳಂಬವನ್ನೇ ಬೋಧನೋಪಕರಣವನ್ನಾಗಿಸಿದ ಈ ವಿಧಾನಕ್ಕೆ "ಶೇಕಡಾ ವಿಧಾನ" ಎಂದು ಹೆಸರಿಡಲಾಗಿದೆ. ನಲವತ್ತು ಶಾಲೆಗಳ ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗೆ ಇದರ ತರಬೇತಿಯನ್ನು ಸದರಿ ಮೇಷ್ಟ್ರೇ ಮುಂದಿನ ತಿಂಗಳು ನೀಡತಕ್ಕದ್ದು.

ಸದರಿ ಮೇಷ್ಟ್ರು ಅರ್ಧ ದಿನ ರಜೆ ಬರೆದುಕೊಟ್ಟು, ಕಣ್ಣಾಸ್ಪತ್ರೆಗೆ ನಡೆದುಕೊಂಡು ಹೋದರು.

ಬಾಗಿಲಲ್ಲಿ ಚೀಟಿ ಕೊಟ್ಟರು, ಅರವತ್ತಮೂರನೇ ನಂಬರು. ಮೇಷ್ಟ್ರು ಕಣ್ಣಿಗೆ ಹತ್ತಿ ಕಟ್ಟಿಕೊಂಡವರ ನಡುವೆ ಒಂದೂಕಾಲು ಗಂಟೆ ಕೂತರು. ಅಲ್ಲಿಂದ ಹೆಂಡತಿ ಚೆನ್ನಾಗಿ ಕಾಣುತ್ತಿದ್ದರು. ಕಣ್ಣು ರೋಗಿಯ ಮುಖದ ಮೇಲೆ, ಬೆರಳು ಅಕ್ಷರಗಳ ಮೇಲೆ. ಎರಡೂ ಒಂದನ್ನೊಂದು ಕೇಳದೆ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು. ಗಾಬರಿಯಾದ ಮುದುಕರೊಬ್ಬರು ತಮ್ಮ ಹೆಸರನ್ನೇ ಮರೆತು ನಿಂತಾಗ, ಹೆಂಡತಿ ಅವರ ಹಳೆಯ ಚೀಟಿಯ ಅಂಕಿ ಹೊಡೆದು ಅವರ ಹೆಸರನ್ನು ಅವರಿಗೇ ಹೇಳಿದರು. ಗುಂಡಿ ಒತ್ತುವ ಕೆಲಸ ಅಂದಿದ್ದು ಯಾರು ಅಂತ ಮೇಷ್ಟ್ರು ತಮ್ಮನ್ನೇ ಕೇಳಿಕೊಂಡು, ಉತ್ತರ ಗೊತ್ತಿದ್ದರಿಂದ ತಲೆ ತಗ್ಗಿಸಿದರು.

"ಅರವತ್ತಮೂರು!"

ಮೇಷ್ಟ್ರು ಕೌಂಟರಿನ ಮುಂದೆ ಹೋಗಿ ನಿಂತರು. ಹೆಂಡತಿ ತಲೆಯೆತ್ತಿ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಏನು ತೊಂದರೆ?"

"ಕಂಪ್ಯೂಟರ್ ಮುಂದೆ ಕೂತ್ರೆ ಏನೂ ಕಾಣಿಸಲ್ಲ."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷದಿಂದ."

ಹೆಂಡತಿ ಏನೋ ಟೈಪ್ ಮಾಡಿದರು. ಹಿಂದಿನ ಸಾಲಿನವರು ಗೊಣಗಿದರು. "ನಾಲ್ಕು ಗಂಟೆಗೆ ಕೌಂಟರ್ ಮುಚ್ಚತ್ತೆ," ಅಂದರು ಹೆಂಡತಿ. "ಆಮೇಲೆ ಬನ್ನಿ. ದಿನಾ ಒಂದು ಗಂಟೆ. ನೋಟ್‌ಬುಕ್ ತರೋ ಹಾಗಿಲ್ಲ."

ಹಾಗೆ ಮೂರು ವಾರ ನಡೆಯಿತು. ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕೂತು, ಇಪ್ಪತ್ತಾರು ವರ್ಷದ ಮೇಲೆ ಮೊದಲ ಸಲ ಮೇಷ್ಟ್ರು ದಡ್ಡ ವಿದ್ಯಾರ್ಥಿಯಾದರು. ಕಡತ ಉಳಿಸುವುದು ಹೇಗೆ ಅಂತ ಒಂದೇ ದಿನ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಹೆಂಡತಿ ಮೊದಲ ಸಲ ಹೇಳಿದ ದನಿಯಲ್ಲೇ ಹೇಳಿದರು. ತಾವು ಎರಡನೇ ಸಲ ಕೇಳಿದವರಿಗೇ "ತಲೆಯಲ್ಲಿ ಏನು ತುಂಬಿದೆ?" ಅನ್ನುತ್ತಿದ್ದುದು ಮೇಷ್ಟ್ರಿಗೆ ನೆನಪಾಗಿ, ಕಿವಿ ಬಿಸಿಯಾಯಿತು. ಮೂರನೇ ವಾರದ ಕೊನೆಗೆ ಪರವಲಯವೊಂದನ್ನು ತಾವೇ ಬರೆದು, ಗುಬುಟು ಎಳೆದು ಅರಳಿಸಿದರು. ಹೆಂಡತಿ ಅದನ್ನು ಸ್ವಲ್ಪ ಹೊತ್ತು ನೋಡಿ, "ಇದನ್ನೇನಾ ನೀವು ಇಷ್ಟು ವರ್ಷ ಪಾಠ ಮಾಡ್ತಿದ್ದಿದ್ದು? ಚೆನ್ನಾಗಿದೆಯಲ್ರೀ," ಅಂದರು. ಅಲ್ಲಿಯವರೆಗೆ ಅವರೂ ಗಂಡನ ಕೆಲಸವನ್ನು ನೋಡಿರಲಿಲ್ಲ.

ತರಬೇತಿಯ ದಿನ ದೊಡ್ಡ ಹಾಲಿನಲ್ಲಿ ನಲವತ್ತು ಶಾಲೆಯವರು ಸೇರಿದ್ದರು. ಎದುರಿಗೆ ಸಾಲು ಸಾಲು ಕಂಪ್ಯೂಟರು. ಎಲ್ಲರ ಕೈಯಲ್ಲಿ ಹೊಸ ನೋಟ್‌ಬುಕ್ಕು. ಮೇಷ್ಟ್ರು ವೇದಿಕೆ ಹತ್ತಿ, ನೀರು ಕುಡಿದು, ಬಾಯಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಾತು ಶುರು ಮಾಡಿದರು.

"ಶೇಕಡಾ ವಿಧಾನ ಅಂತ ಯಾವುದೂ ಇಲ್ಲ. ಅವತ್ತು ನಾನು ತಪ್ಪಾಗಿ ಒತ್ತಿದೆ. ಏನು ಒತ್ತಿದೆ ಅಂತಲೂ ಆಗ ನನಗೆ ಗೊತ್ತಿರಲಿಲ್ಲ. ನನಗೆ ಕಂಪ್ಯೂಟರ್ ಬರ್ತಿರಲಿಲ್ಲ, ಬರತ್ತೆ ಅಂತ ನಟಿಸ್ತಿದ್ದೆ."

ನಲವತ್ತು ಪೆನ್ನುಗಳು ಸರಸರ ಓಡಿದವು. ಮೇಷ್ಟ್ರು ಬಗ್ಗಿ ಮುಂದಿನ ಸಾಲಿನವರ ನೋಟ್‌ಬುಕ್ ಇಣುಕಿದರು. "ಹಂತ ೧: ಮೊದಲು ತಪ್ಪಾಗಿ ಒತ್ತಬೇಕು" ಅಂತ ಬರೆದು ಅಡಿಗೆರೆ ಹಾಕಿದ್ದರು.

"ಅಯ್ಯೋ, ಬರ್ಕೋಬೇಡಿ! ಇದು ವಿಧಾನ ಅಲ್ಲ, ನಿಜ!" ಅಂತ ಮೇಷ್ಟ್ರು ಕೂಗಿದರು. ಒಬ್ಬರು ಅದನ್ನೂ ಬರೆದುಕೊಂಡರು.

ಆಗ ಮೂರನೇ ಸಾಲಿನಲ್ಲಿ ನರೆಗೂದಲಿನ ಹಿರಿಯ ಟೀಚರೊಬ್ಬರು ಎದ್ದು ನಿಂತರು. ಅವರು ಏನೂ ಬರೆದುಕೊಂಡಿರಲಿಲ್ಲ. "ಮೇಷ್ಟ್ರೇ, ನಟಿಸ್ತಿದ್ದೆ ಅಂದ್ರಲ್ಲ, ಅದು ನಿಜಾನಾ?"

"ನಿಜ ಮೇಡಂ."

"ನಾನೂ ನಾಲ್ಕು ವರ್ಷದಿಂದ ನಟಿಸ್ತಿದೀನಿ," ಅಂದರು ಆಕೆ. "ಸಾಹೇಬರು ಬಂದಾಗೆಲ್ಲ ಕರೆಂಟಿಲ್ಲ ಅಂತೀನಿ. ಫ್ಯಾನು ಮಾತ್ರ ತಿರುಗ್ತಿರತ್ತೆ."

ಯಾರೋ ಕಿಸಕ್ಕೆಂದರು. ಹಿಂದಿನ ಸಾಲಿನಿಂದ ಒಬ್ಬರು, ತಮ್ಮ ಶಾಲೆಯಲ್ಲಿ ಕಂಪ್ಯೂಟರ್ ಮೇಲೆ ಹಾಜರಿ ಪುಸ್ತಕ ಇಡುತ್ತೇವೆ ಅಂದರು. ಇನ್ನೊಬ್ಬರು ತಮ್ಮದರ ಮೇಲೆ ಭೂಗೋಳ ಕೂರಿಸಿದ್ದಾರಂತೆ. ನೋಟ್‌ಬುಕ್ಕುಗಳು ಒಂದೊಂದಾಗಿ ಮುಚ್ಚಿದವು. ಮೇಷ್ಟ್ರು ವೇದಿಕೆಯಿಂದ ಇಳಿದು ಹಿರಿಯ ಟೀಚರ್ ಪಕ್ಕದ ಕುರ್ಚಿ 'ಕರ್ರ್' ಅಂತ ಎಳೆದುಕೊಂಡು ಕೂತರು.

ಆಕೆ ಮೌಸನ್ನು ಎರಡೂ ಕೈಯಲ್ಲಿ, ಗೂಡಿನಿಂದ ಬಿದ್ದ ಮರಿಯನ್ನು ಹಿಡಿದ ಹಾಗೆ, ಎತ್ತಿ ಹಿಡಿದಿದ್ದರು. ಮೇಷ್ಟ್ರು ನಗಲಿಲ್ಲ. "ಮೇಜಿನ ಮೇಲೆ ಬಿಡಿ ಮೇಡಂ. ಕಚ್ಚಲ್ಲ. ಒಂದೇ ಕೈ ಸಾಕು. ಈಗ ಮೆಲ್ಲಗೆ ಸರಿಸಿ, ಕಣ್ಣು ಪರದೆ ಮೇಲಿರಲಿ."

ಬಾಣ ನಡುಗಿತು. ಒಂದು ಬೆರಳಷ್ಟು ಹೋಗಿ ನಿಂತಿತು. "ಅಯ್ಯೋ, ಬಂತು!" ಅಂದರು ಆಕೆ. ಇನ್ನಷ್ಟು ಸರಿಸಿದರು. ಬಾಣ ಓಲಾಡುತ್ತ ಪರದೆಯ ನಡುವೆ ಬಂತು. ಅಕ್ಕಪಕ್ಕದವರೆಲ್ಲ ಎದ್ದು ಬಂದು ಸುತ್ತ ನಿಂತರು. ಒಬ್ಬರು ಎಡಕ್ಕೆ ಅಂದರೆ ಇನ್ನೊಬ್ಬರು ಬಲಕ್ಕೆ ಅಂದರು. ಸಾಹೇಬರು ಬಾಗಿಲಲ್ಲಿ ಬಂದು, ಇದು ಯಾವ ವಿಧಾನವೆಂದು ತಿಳಿಯದೆ ಫೈಲು ಮಡಚಿಕೊಂಡು ನಿಂತರು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಜನ ಒಬ್ಬೊಬ್ಬರಾಗಿ ಚದುರಿದರು. ಮೇಷ್ಟ್ರೂ ಎದ್ದರು. "ಬನ್ನಿ ಮೇಡಂ, ಊಟ ಮಾಡಿ ಬಂದು ಮುಂದುವರಿಸೋಣ."

ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ. ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಅತ್ತ ಕೈಬೀಸಿದರು.

"ನೀವು ಹೋಗಿ ಮೇಷ್ಟ್ರೇ. ನಾನು ಇದನ್ನ ಆ ಮೂಲೆ ತನಕ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ."